43 ಡಿಗ್ರಿ ಊರಿನಲ್ಲಿ 18 ಡಿಗ್ರಿ ಬಿಯರ್: ಒಂದು ಟಬ್, ಒಂದು ಪಂಚೆ, ಒಂದಿಷ್ಟು ಐಸ್ ಬಾಟಲಿ

ಮನೆಯಲ್ಲಿ ಬಿಯರ್ ಮಾಡುವವರು ಸೇರಿದರೆ ಹಾಪ್ಸ್ ಬಗ್ಗೆ, ಅಂದರೆ ಬಿಯರ್‌ಗೆ ಕಹಿ ಮತ್ತು ಘಮ ಕೊಡುವ ಹೂವಿನ ಬಗ್ಗೆ, ಗಂಟೆಗಟ್ಟಲೆ ಮಾತಾಡುತ್ತಾರೆ. ಯಾವ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ), ಯಾವ ನೀರು, ಎಷ್ಟು ಹೊತ್ತು ಕುದಿಸಬೇಕು ಅಂತ ಚರ್ಚೆ ನಡೆಯುತ್ತದೆ. ಹೊಸದಾಗಿ ಶುರು ಮಾಡುವವರು ನನ್ನನ್ನು ಕೇಳಿದರೆ ನಾನು ಮೊದಲು ಕೇಳುವುದು ಬೇರೆ ಪ್ರಶ್ನೆ. ಯೀಸ್ಟ್ ಹಾಕಿದ ಮೇಲೆ ಮೊದಲ ಮೂರು ದಿನ ಪಾತ್ರೆಯ ಒಳಗೆ ಎಷ್ಟು ಡಿಗ್ರಿ ಇತ್ತು? ಕೋಣೆಯಲ್ಲಿ ಎಷ್ಟಿತ್ತು ಅಂತಲ್ಲ, ಪಾತ್ರೆಯ ಒಳಗೆ. ರುಚಿಯ ಬಹುಪಾಲು ಅಲ್ಲೇ ತೀರ್ಮಾನ ಆಗಿಬಿಡುತ್ತದೆ ಅನ್ನುವುದು ನನ್ನ ಗಟ್ಟಿ ನಂಬಿಕೆ. ಅದನ್ನು ಹಿಡಿತದಲ್ಲಿಡಲು ದುಬಾರಿ ಸಾಮಾನೇನೂ ಬೇಕಾಗಿಲ್ಲ.

ನಾನಿರುವುದು ಅಮೆರಿಕದ ಅರಿಝೋನಾದಲ್ಲಿ, ಫೀನಿಕ್ಸ್ ಪಕ್ಕದ ಚಾಂಡ್ಲರ್‌ನಲ್ಲಿ. ಹುಟ್ಟಿ ಬೆಳೆದದ್ದು ಬಳ್ಳಾರಿ. ಬಿಸಿಲು ನನಗೆ ಹೊಸದಲ್ಲ. ಆದರೂ ಇಲ್ಲಿನ ಬಿಸಿಲಿನ ಲೆಕ್ಕವೇ ಬೇರೆ. 2023ರಲ್ಲಿ ಜೂನ್ 30ರಿಂದ ಜುಲೈ 30ರವರೆಗೆ, ಸತತ 31 ದಿನ, ಫೀನಿಕ್ಸ್‌ನಲ್ಲಿ ಹಗಲಿನ ಉಷ್ಣಾಂಶ 110 ಫ್ಯಾರನ್‌ಹೀಟ್ ಮುಟ್ಟಿತು ಇಲ್ಲವೇ ದಾಟಿತು. ಸೆಲ್ಸಿಯಸ್‌ನಲ್ಲಿ 43ಕ್ಕೂ ಮೇಲೆ. ಕರೆಂಟ್ ಬಿಲ್ ನೋಡಿಕೊಂಡು ನಾವು ಮನೆಯಲ್ಲಿ ಎಸಿಯನ್ನು 26ಕ್ಕೆ ಇಡುತ್ತೇವೆ. ಮನುಷ್ಯರಿಗೆ ಅಷ್ಟು ಸಾಕು. ಏಲ್ ಅನ್ನುವ ಬಗೆಯ ಬಿಯರ್ ಮಾಡುವ ಯೀಸ್ಟ್‌ಗೆ ಸಾಕಾಗುವುದಿಲ್ಲ, ಅದನ್ನು 18ರ ಆಸುಪಾಸಿನಲ್ಲಿ ಇಡಬೇಕು.

ಬೇಸಿಗೆಯಲ್ಲಿ ಬಿಯರ್ ಮಾಡಲೇಬಾರದು ಅಂತ ಹಿಂದೆ ಒಂದು ಕಾನೂನೇ ಇತ್ತು. ಬವೇರಿಯಾದ ದೊರೆ ಐದನೇ ಆಲ್‌ಬ್ರೆಕ್ಟ್ 1553ರಲ್ಲಿ ಹೊರಡಿಸಿದ ಆಜ್ಞೆ ಅದು. ಬಿಯರ್ ಮಾಡುವುದಿದ್ದರೆ ಸೆಪ್ಟೆಂಬರ್ 29ರಿಂದ ಏಪ್ರಿಲ್ 23ರ ಒಳಗೆ ಮಾಡಿ ಮುಗಿಸಬೇಕಿತ್ತು. ಬೇಸಿಗೆಯಲ್ಲಿ ಮಾಡಿದ್ದು ಕೆಡುತ್ತದೆ ಅಂತ ಅವರಿಗೆ ಅನುಭವದಿಂದ ಗೊತ್ತಿತ್ತು. ಯೀಸ್ಟ್ ಅನ್ನುವ ಜೀವಿ ಇದೆ ಅಂತ ಆಗ ಯಾರಿಗೂ ಗೊತ್ತಿರಲಿಲ್ಲ. ಮ್ಯೂನಿಕ್‌ನವರು ನೆಲಮಾಳಿಗೆ ತೋಡಿದರು. ಚಳಿಗಾಲದಲ್ಲಿ ಕೆರೆಗಳ ಮಂಜುಗಡ್ಡೆ ಕಡಿದು ತಂದು ತುಂಬಿದರು. ಮಾಳಿಗೆಯ ಮೇಲೆ ನೆರಳಿಗೆ ಚೆಸ್ಟ್‌ನಟ್ ಮರ ನೆಟ್ಟರು. 1870ರ ದಶಕದಲ್ಲಿ ಕಾರ್ಲ್ ಲಿಂಡೆ ತಂಪು ಮಾಡುವ ಯಂತ್ರ ಕಟ್ಟಿದಾಗ ಅದನ್ನು ಮೊದಲು ಒಳಗೆ ಬಿಟ್ಟುಕೊಂಡವರಲ್ಲಿ ಮ್ಯೂನಿಕ್‌ನ ಸ್ಪಾಟೆನ್ ಬ್ರೂವರಿಯವರೂ ಇದ್ದರು. ಇವತ್ತು ನಮ್ಮ ಅಡುಗೆಮನೆಯಲ್ಲಿರುವ ಫ್ರಿಜ್ಜಿನ ಹಿಂದೆ ಬಿಯರ್ ಹುದುಗಿಸುವವರ ಈ ತಾಪತ್ರಯವೂ ಇದೆ. ಹಾಗಾಗಿ ಟಬ್ಬಿಗೆ ಐಸ್ ಬಾಟಲಿ ಇಳಿಬಿಡುವಾಗ ನಾನು ಹೊಸದೇನೋ ಮಾಡುತ್ತಿದ್ದೇನೆ ಅಂತ ನನಗೆ ಅನ್ನಿಸುವುದಿಲ್ಲ.

ಈಗ ಬಿಸಿ ಜಾಸ್ತಿಯಾದರೆ ಏನಾಗುತ್ತದೆ ಅನ್ನುವುದಕ್ಕೆ ಬರೋಣ. ಯೀಸ್ಟ್ ಸಕ್ಕರೆ ತಿಂದು ಆಲ್ಕೋಹಾಲ್ ಮತ್ತು ಕಾರ್ಬನ್ ಡೈಆಕ್ಸೈಡ್ ಮಾಡುತ್ತದೆ. ಬಿಸಿ ಏರಿದಷ್ಟೂ ಅದು ಅವಸರದಲ್ಲಿ ಬೆಳೆಯುತ್ತದೆ. ಆ ಅವಸರದಲ್ಲಿ ಎಸ್ಟರ್ ಅನ್ನುವ, ಹಣ್ಣಿನ ವಾಸನೆಯ ಸಂಯುಕ್ತಗಳು ಜಾಸ್ತಿ ಹುಟ್ಟುತ್ತವೆ. ಬಾಳೆಹಣ್ಣಿನ ವಾಸನೆ ಬರುವುದು ಐಸೊಅಮೈಲ್ ಅಸಿಟೇಟ್ ಅನ್ನುವ ಎಸ್ಟರ್‌ನಿಂದ. ಜರ್ಮನ್ ಗೋಧಿ ಬಿಯರ್‌ಗೆ ಅದು ಒಪ್ಪುತ್ತದೆ. ತಿಳಿಯಾದ ಪೇಲ್ ಏಲ್‌ಗೆ ಸ್ವಲ್ಪವೂ ಒಪ್ಪುವುದಿಲ್ಲ. ಇನ್ನೂ ಬಿಸಿಯಾದರೆ ಫ್ಯೂಸೆಲ್ ಆಲ್ಕೋಹಾಲ್‌ಗಳು ಹುಟ್ಟುತ್ತವೆ. ಗಂಟಲಲ್ಲಿ ಉರಿ, ಪೇಂಟ್ ತೆಳುಮಾಡುವ ದ್ರಾವಣದಂಥ ವಾಸನೆ. ಅದನ್ನು ಆಮೇಲೆ ತೆಗೆಯುವ ದಾರಿ ಇಲ್ಲ. ಎಷ್ಟು ತಿಂಗಳು ಇಟ್ಟರೂ ಪೂರ್ತಿ ಹೋಗುವುದಿಲ್ಲ.

ತುಂಬಾ ಜನ ಮರೆಯುವ ಸಂಗತಿ ಇನ್ನೊಂದಿದೆ. ಹುದುಗುವಾಗ ಬಿಯರ್ ತಾನೇ ಬಿಸಿಯಾಗುತ್ತದೆ. ಇದರ ಲೆಕ್ಕವನ್ನು ನಾನು ಒಂದು ಸಂಜೆ ಕೂತು ಹಾಕಿದೆ. ಐದು ಗ್ಯಾಲನ್ ಅಂದರೆ 19 ಲೀಟರ್ ವರ್ಟ್, ಯೀಸ್ಟ್ ಹಾಕುವ ಮುಂಚಿನ ಮಾಲ್ಟಿನ ಸಿಹಿ ಕಷಾಯ. ಶುರುವಿನ ಗ್ರಾವಿಟಿ, ಅಂದರೆ ನೀರಿಗೆ ಹೋಲಿಸಿದ ಸಾಂದ್ರತೆ, 1.050 ಅಂತಿಟ್ಟುಕೊಳ್ಳಿ. ಅದರಲ್ಲಿ ಮಾಲ್ಟಿನಿಂದ ಬಂದ ಸಾರ ಹೆಚ್ಚುಕಡಿಮೆ ಎರಡೂವರೆ ಕಿಲೋ. ಯೀಸ್ಟ್ ನಿಜವಾಗಿ ತಿಂದು ಮುಗಿಸುವುದು ಒಂದೂವರೆ ಕಿಲೋಗಿಂತ ತುಸು ಜಾಸ್ತಿ. ಅದರಿಂದ ಹೊರಬರುವ ಬಿಸಿ ಸುಮಾರು 950 ಕಿಲೋಜೂಲ್. 19 ಲೀಟರನ್ನು ಒಂದು ಡಿಗ್ರಿ ಏರಿಸಲು 80 ಕಿಲೋಜೂಲ್ ಸಾಕು. ಆ ಬಿಸಿ ಎಲ್ಲೂ ಹೊರಹೋಗದಿದ್ದರೆ ಬಿಯರ್ 12 ಡಿಗ್ರಿ ಏರುತ್ತದೆ! ವಾಸ್ತವದಲ್ಲಿ ಗೋಡೆಯಿಂದ ಒಂದಷ್ಟು ಹೋಗುತ್ತಲೇ ಇರುತ್ತದೆ. ಹಾಗಾಗಿ ಜೋರಾಗಿ ಹುದುಗುವ ಹೊತ್ತಿನಲ್ಲಿ ಪಾತ್ರೆಯ ಒಳಗೆ ಕೋಣೆಗಿಂತ ಮೂರರಿಂದ ಐದು ಡಿಗ್ರಿ ಜಾಸ್ತಿ ಇರುತ್ತದೆ. ನಮ್ಮ ಮನೆಯ 26 ಅಂದರೆ ಬಿಯರ್‌ಗೆ 30. ಕೋಣೆಯ ಥರ್ಮಾಮೀಟರ್ ನೋಡಿ ಸಮಾಧಾನ ಪಟ್ಟುಕೊಂಡರೆ ಏನೂ ಪ್ರಯೋಜನ ಇಲ್ಲ.

ಇನ್ನು ಟಬ್ಬಿನ ವಿಷಯ. ಈ ಬರಹದಲ್ಲಿ ನನಗೆ ಹೇಳಬೇಕಾಗಿರುವುದು ಮುಖ್ಯವಾಗಿ ಇದೇ.

ಹಗ್ಗದ ಹಿಡಿ ಇರುವ ದೊಡ್ಡ ಪ್ಲಾಸ್ಟಿಕ್ ಟಬ್. ಪಾರ್ಟಿಗಳಲ್ಲಿ ಐಸ್ ಹಾಕಿ ತಂಪು ಪಾನೀಯ ಇಡುತ್ತಾರಲ್ಲ, ಅದೇ. ಅದನ್ನು ಅತಿಥಿಗಳ ಬಚ್ಚಲುಮನೆಯ ಬಾತ್‌ಟಬ್ಬಿನೊಳಗೆ ಇಟ್ಟಿದ್ದೇನೆ. ಚೆಲ್ಲಿದರೆ ಯೋಚನೆ ಇಲ್ಲ. ಕಿಟಕಿ ಚಿಕ್ಕದು, ಬೆಳಕು ಕಮ್ಮಿ. ಹಾಪ್ಸ್ ಹಾಕಿದ ಬಿಯರ್‌ಗೆ ಬಿಸಿಲು ಬಿದ್ದರೆ ಕೆಟ್ಟ ನಾತ ಬರುತ್ತದೆ, ಅದಕ್ಕೂ ಇದು ಒಳ್ಳೆಯ ಜಾಗ. ಹುದುಗಿಸುವ ಪಾತ್ರೆಯನ್ನು ಟಬ್ಬಿನ ನಡುವೆ ಇಟ್ಟು ಸುತ್ತ ನೀರು ತುಂಬಿಸುತ್ತೇನೆ, ಸುಮಾರು 30 ಲೀಟರ್. ನೀರಿನ ಮಟ್ಟ ಒಳಗಿನ ಬಿಯರ್‌ನ ಮಟ್ಟಕ್ಕಿಂತ ಸ್ವಲ್ಪ ಕೆಳಗಿರಬೇಕು. ಮೇಲೆ ಹೋದರೆ ಪಾತ್ರೆ ತೇಲಿ ವಾಲುತ್ತದೆ. ಗಾಜಿನ ಕಾರ್ಬಾಯ್ (ಹುದುಗಿಸುವ ದೊಡ್ಡ ಬಾಟಲಿ) ಇರುವವರಿಗೆ ಒಂದು ಮಾತು: ತುಂಬಿದ ಮೇಲೆ ಅದು 25 ಕಿಲೋ ಮೀರುತ್ತದೆ, ಒದ್ದೆ ಗಾಜು ಕೈಯಿಂದ ಜಾರುತ್ತದೆ. ಗಾಜು ಒಡೆದು ಕೈ ಕುಯ್ದುಕೊಂಡವರ ಕಥೆ ಈ ಹವ್ಯಾಸದಲ್ಲಿ ಬೇಕಾದಷ್ಟಿವೆ. ನಾನು ಪ್ಲಾಸ್ಟಿಕ್ ಪಾತ್ರೆಯನ್ನೇ ಬಳಸುತ್ತೇನೆ. ಖಾಲಿ ಟಬ್ಬಿನಲ್ಲಿ ಮೊದಲು ಪಾತ್ರೆ ಕೂರಿಸಿ, ಆಮೇಲೆ ನೀರು ಸುರಿಯುತ್ತೇನೆ.

ಐಸ್ ಹಾಕುವುದಕ್ಕೆ ಮೊದಲೇ ಆ ನೀರು ತನ್ನ ಕೆಲಸ ಶುರು ಮಾಡಿರುತ್ತದೆ. ಮೊದಲು 19 ಕಿಲೋ ಇದ್ದದ್ದು ಈಗ 49 ಕಿಲೋ ಆಯಿತು ಅಲ್ವಾ? ಅದೇ 950 ಕಿಲೋಜೂಲ್ ಬಿಸಿ ಇಷ್ಟನ್ನೂ ಏರಿಸಬೇಕು. 12 ಡಿಗ್ರಿ ಏರುವ ಕಡೆ ಐದು ಡಿಗ್ರಿಗೂ ಕಮ್ಮಿ ಏರುತ್ತದೆ. ಹಗಲು ರಾತ್ರಿಯ ಏರಿಳಿತವೂ ತಗ್ಗುತ್ತದೆ. ಯೀಸ್ಟ್ ಹಾಕಿ ಸುಮ್ನೆ ಬಿಟ್ಟರೂ ಬರೀ ನೀರಿನಿಂದಲೇ ಇಷ್ಟು ಲಾಭ. ಬೇರೇನೂ ಆಗದಿದ್ದರೆ ಇದೊಂದನ್ನಾದರೂ ಮಾಡಿ ಅಂತ ಎಲ್ಲರಿಗೂ ಹೇಳುತ್ತೇನೆ.

ಮೇಲಿಂದ ಬಟ್ಟೆ. ಇಲ್ಲಿನವರು ಹಳೆಯ ಟೀ ಶರ್ಟ್ ಹೊದಿಸಿ, ಅದರ ಅಂಚು ನೀರಿನಲ್ಲಿ ಮುಳುಗಿಸಿ, ಎದುರಿಗೆ ಫ್ಯಾನ್ ಇಡುತ್ತಾರೆ. ಬಟ್ಟೆ ನೀರನ್ನು ಮೇಲಕ್ಕೆ ಎಳೆದುಕೊಳ್ಳುತ್ತದೆ, ಗಾಳಿಗೆ ಅದು ಆವಿಯಾಗುತ್ತದೆ, ಆವಿಯಾಗಲು ಬೇಕಾದ ಬಿಸಿಯನ್ನು ಪಾತ್ರೆಯಿಂದ ಕಿತ್ತುಕೊಳ್ಳುತ್ತದೆ. ಅಮ್ಮ ಬಳ್ಳಾರಿಯಿಂದ ಬಂದಿದ್ದಾಗ ಒಮ್ಮೆ ಬಚ್ಚಲುಮನೆ ಬಾಗಿಲಲ್ಲಿ ನಿಂತು ನೋಡಿದರು. "ಇದೇನೋ, ನೀರಿನ ಗಡಿಗಿಗೆ ಸುತ್ತಿದಂಗ ಸುತ್ತಿಯಲ್ಲೋ?" ಅಂದರು. ಹೌದಮ್ಮ, ಅದೇ ಅಂದೆ. ಹತ್ತಿರ ಬಂದು ಬಟ್ಟೆಯ ಮೇಲ್ಭಾಗ ಮುಟ್ಟಿದರು. "ಮ್ಯಾಲೆ ಒಣಗೈತಿ ನೋಡು. ಈ ಬಟ್ಟಿ ನೀರು ಹೀರಲ್ಲ. ನಿಮ್ಮಪ್ಪನ ಹಳೇ ಪಂಚೆ ಸುತ್ತು, ಎರಡು ಮಡಿಕಿ ಮಾಡಿ." ಬ್ಯಾಗಿನಲ್ಲಿ ಹಪ್ಪಳದ ಡಬ್ಬಿಗೆ ಸುತ್ತಿಕೊಂಡು ಬಂದಿದ್ದ ಪಂಚೆಯನ್ನೇ ತೆಗೆದು ಕೊಟ್ಟರು. ತೊಳೆದು ತೊಳೆದು ಮೆತ್ತಗಾದ ಹತ್ತಿ ಬಟ್ಟೆ. ಅದು ಕತ್ತಿನವರೆಗೂ ನೀರು ಎಳೆಯಿತು. ಟೀ ಶರ್ಟಿನಲ್ಲಿ ಪಾಲಿಯೆಸ್ಟರ್ ಬೆರೆತಿದ್ದರೆ ಅಷ್ಟು ಎಳೆಯುವುದಿಲ್ಲ. ಈಗ ನಾನು ಪಂಚೆ ಬಿಟ್ಟರೆ ಬೇರೆ ಬಟ್ಟೆ ಸುತ್ತುವುದೇ ಇಲ್ಲ. ಅಮ್ಮ ಬಿಯರ್ ಬಾಯಿಗೆ ಇಡುವವರಲ್ಲ. ಆದರೆ ಇದ್ದಷ್ಟು ದಿನ ಬೆಳಗ್ಗೆ ಎದ್ದು ಮೊದಲು ಬಟ್ಟೆ ಒದ್ದೆ ಇದೆಯಾ ಅಂತ ನೋಡುತ್ತಿದ್ದರು.

ಆವಿಯ ಬಲ ಎಷ್ಟು ಅಂತ ತಿಳಿದರೆ ಆಶ್ಚರ್ಯ ಆಗುತ್ತದೆ. ಒಂದು ಕಿಲೋ ಮಂಜುಗಡ್ಡೆ ಕರಗಿದರೆ 334 ಕಿಲೋಜೂಲ್ ಬಿಸಿ ಹೀರುತ್ತದೆ. ಒಂದು ಲೀಟರ್ ನೀರು ಆವಿಯಾದರೆ ಸುಮಾರು 2,450 ಕಿಲೋಜೂಲ್. ಏಳು ಪಟ್ಟಿಗೂ ಜಾಸ್ತಿ. ಇದಕ್ಕೆ ಖರ್ಚು ಒಂದು ಫ್ಯಾನಿನ ಕರೆಂಟ್ ಅಷ್ಟೇ. ಆದರೆ ಒಂದು ಮಿತಿ ಇದೆ. ಒದ್ದೆ ಬಟ್ಟೆ ಎಷ್ಟು ತಂಪಾಗಬಹುದು ಅನ್ನುವುದನ್ನು ಗಾಳಿಯ ತೇವ ನಿರ್ಧರಿಸುತ್ತದೆ. ಕೋಣೆ 26 ಡಿಗ್ರಿ, ತೇವಾಂಶ 30 ಪರ್ಸೆಂಟ್ ಇದ್ದರೆ ಬಟ್ಟೆ ಮುಟ್ಟಬಹುದಾದ ಕೊನೆಯ ಅಂಕಿ ಸುಮಾರು 15. ಅದೇ 26 ಡಿಗ್ರಿಯಲ್ಲಿ ತೇವಾಂಶ 60 ಆದರೆ 20ರ ಆಸುಪಾಸಿನಲ್ಲೇ ನಿಂತುಬಿಡುತ್ತದೆ. ಒಳಗೆ ಬಿಯರ್ ಬಿಸಿ ಹುಟ್ಟಿಸುತ್ತಲೇ ಇರುವುದರಿಂದ ಕೊನೆಯ ಅಂಕಿಯವರೆಗೆ ಯಾವತ್ತೂ ಹೋಗುವುದಿಲ್ಲ. ಮೇ, ಜೂನ್‌ನಲ್ಲಿ ಇಲ್ಲಿ ಗಾಳಿ ಮೂಗು ಒಡೆಯುವಷ್ಟು ಒಣಗಿರುತ್ತದೆ. ಆಗ ನನ್ನ ಟಬ್ ಪಂಚೆ ಮತ್ತು ಫ್ಯಾನ್‌ನಿಂದಲೇ 18, 19ಕ್ಕೆ ಇಳಿದು ನಿಲ್ಲುತ್ತದೆ. ಐಸ್ ಬೇಕಾಗುವುದು ಹುದುಗು ಜೋರಿರುವ ಒಂದೆರಡು ದಿನ ಮಾತ್ರ.

ಜುಲೈ ಬಂದರೆ ಆಟ ಬದಲಾಗುತ್ತದೆ. ಅರಿಝೋನಾಕ್ಕೂ ಮಾನ್ಸೂನ್ ಇದೆ. ಹವಾಮಾನ ಇಲಾಖೆಯ ಲೆಕ್ಕದಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 30. 2008ಕ್ಕೆ ಮೊದಲು ಅವರು ತಾರೀಖು ನೋಡುತ್ತಿರಲಿಲ್ಲ. ಫೀನಿಕ್ಸ್‌ನಲ್ಲಿ ಮೂರು ದಿನ ಸತತ ಇಬ್ಬನಿ ಬಿಂದು, ಅಂದರೆ ಗಾಳಿಯ ತೇವ ಹನಿಗಟ್ಟುವ ಉಷ್ಣಾಂಶ, ಸರಾಸರಿ 55 ಫ್ಯಾರನ್‌ಹೀಟ್ ಇಲ್ಲವೇ ಹೆಚ್ಚು ಇದ್ದರೆ ಮಾನ್ಸೂನ್ ಬಂತು ಅನ್ನುತ್ತಿದ್ದರು. ನನ್ನಂಥವರಿಗೆ ಆ ಹಳೆಯ ಕ್ರಮವೇ ಉಪಯೋಗ. ಇಬ್ಬನಿ ಬಿಂದು ಏರಿತು ಅಂದರೆ ಪಂಚೆಯ ಬಲ ಇಳಿಯಿತು ಅಂತಲೇ ಅರ್ಥ. ಇಲ್ಲಿ ಛಾವಣಿ ಮೇಲೆ ನೀರಿನ ಕೂಲರ್ ಇಟ್ಟುಕೊಂಡಿರುವ ಹಳೆಯ ಮನೆಗಳವರಿಗೂ ಇದೇ ಸಂಕಟ. ಜೂನ್‌ನಲ್ಲಿ ಮನೆ ತಣ್ಣಗೆ, ಆಗಸ್ಟ್‌ನಲ್ಲಿ ಮನೆಯೆಲ್ಲ ಜಿಗಿಜಿಗಿ.

ಈ ದಿನಗಳಲ್ಲಿ ಐಸ್ ಬಾಟಲಿ. ಇದರಲ್ಲಿ ಕೈಯಳತೆಗೆ ಒಂದು ಸುಲಭ ಲೆಕ್ಕ ಇಟ್ಟುಕೊಂಡಿದ್ದೇನೆ. ಫ್ರೀಜರ್‌ನಿಂದ ಬಂದ ಒಂದು ಲೀಟರ್ ಬಾಟಲಿ ಕರಗಿ ಟಬ್ಬಿನ ನೀರಿನ ಹದಕ್ಕೆ ಬರುವಷ್ಟರಲ್ಲಿ ಸುಮಾರು 450 ಕಿಲೋಜೂಲ್ ಹೀರುತ್ತದೆ. 49 ಕಿಲೋವನ್ನು ಒಂದು ಡಿಗ್ರಿ ಇಳಿಸಲು 205 ಕಿಲೋಜೂಲ್ ಬೇಕು. ಅಂದರೆ ಒಂದು ಲೀಟರ್ ಬಾಟಲಿಗೆ ಎರಡು ಡಿಗ್ರಿ, ಅರ್ಧ ಲೀಟರ್ ಬಾಟಲಿಗೆ ಒಂದು ಡಿಗ್ರಿ. ಹೊರಗಿನ ಬಿಸಿ ಒಳಗೆ ಬರುತ್ತಿರುವುದರಿಂದ ಕಾಣುವುದು ಇದಕ್ಕಿಂತ ತುಸು ಕಮ್ಮಿ. ನಾನು ಅರ್ಧ ಲೀಟರಿನವನ್ನೇ ಬಳಸುತ್ತೇನೆ. ಎರಡು ಲೀಟರಿನ ದೊಡ್ಡ ಸೋಡಾ ಬಾಟಲಿ ಹಾಕಿದರೆ ಉಷ್ಣಾಂಶ ಕುಸಿದು ಮತ್ತೆ ಏರುತ್ತದೆ. ಯೀಸ್ಟ್‌ಗೆ ತಂಪಿಗಿಂತ ಮುಖ್ಯ ಸ್ಥಿರತೆ. ಒಮ್ಮೆ 16, ಇನ್ನೊಮ್ಮೆ 22 ಅಂತ ತೂಗಾಡುವುದಕ್ಕಿಂತ ಸುಮ್ನೆ 20ರಲ್ಲಿ ನಿಂತಿರುವುದು ಎಷ್ಟೋ ವಾಸಿ. ಜೋರಾಗಿ ಹುದುಗುವಾಗ ದಿಢೀರ್ ತಣ್ಣಗಾದರೆ ಯೀಸ್ಟ್ ಕೆಲಸ ಬಿಟ್ಟು ತಳಕ್ಕೆ ಇಳಿದುಬಿಡುತ್ತದೆ.

ಬಾಟಲಿಯನ್ನು ಪೂರ್ತಿ ತುಂಬಿಸಬೇಡಿ. ನೀರು ಹೆಪ್ಪುಗಟ್ಟಿದಾಗ ಸುಮಾರು 9 ಪರ್ಸೆಂಟ್ ಹಿಗ್ಗುತ್ತದೆ. ಎರಡು ಸೆಟ್ ಇಟ್ಟುಕೊಳ್ಳಿ. ಒಂದು ಟಬ್ಬಿನಲ್ಲಿ, ಒಂದು ಫ್ರೀಜರ್‌ನಲ್ಲಿ. ಅಡುಗೆಮನೆಯ ಫ್ರೀಜರ್‌ಗೆ ಅಷ್ಟೂ ಬಾಟಲಿ ಗಟ್ಟಿಯಾಗಿಸಲು ಒಂದು ರಾತ್ರಿ ಬೇಕೇ ಬೇಕು.

ನನ್ನ ದಿನಚರಿ ಹೀಗಿರುತ್ತದೆ. ಶನಿವಾರ ಸಂಜೆ ಯೀಸ್ಟ್ ಹಾಕಿದೆ ಅಂದುಕೊಳ್ಳಿ. ಯುಎಸ್-05 ಅನ್ನುವ ಏಲ್ ಯೀಸ್ಟ್ ಆದರೆ ಪ್ಯಾಕೆಟ್ ಮಾಡಿದವರು 18ರಿಂದ 26 ಡಿಗ್ರಿ ಅನ್ನುತ್ತಾರೆ. ನನಗೆ 18, 19ರಲ್ಲಿ ಬರುವ ರುಚಿ ಇಷ್ಟ. ವರ್ಟ್ 17ಕ್ಕೆ ಇಳಿದ ಮೇಲೆಯೇ ಹಾಕುತ್ತೇನೆ. ತಣ್ಣಗೆ ಶುರು ಮಾಡಿ ನಿಧಾನಕ್ಕೆ ಏರಲು ಬಿಡುವುದು ಸುಲಭ. ಬಿಸಿಯಲ್ಲಿ ಶುರು ಮಾಡಿ ಆಮೇಲೆ ಇಳಿಸುತ್ತೇನೆ ಅನ್ನುವುದು ಕಷ್ಟ, ಅಷ್ಟರಲ್ಲಿ ಆಗಬೇಕಾದ ಕೇಡು ಆಗಿರುತ್ತದೆ. ಭಾನುವಾರ ಬೆಳಗ್ಗೆ ಏರ್‌ಲಾಕ್‌ನಲ್ಲಿ, ಅಂದರೆ ಒಳಗಿನ ಗ್ಯಾಸ್ ಹೊರಬಿಟ್ಟು ಹೊರಗಿನ ಗಾಳಿ ತಡೆಯುವ ನೀರಿನ ಕೊಳವೆಯಲ್ಲಿ, ಒಂದೊಂದೇ ಗುಳ್ಳೆ. ಮಧ್ಯಾಹ್ನಕ್ಕೆ ನೊರೆ ಎದ್ದಿರುತ್ತದೆ, ಅಂಕಿ 19 ದಾಟಲು ನೋಡುತ್ತದೆ. ಒಂದು ಬಾಟಲಿ ಒಳಕ್ಕೆ. ಮಲಗುವ ಮುಂಚೆ ಎರಡು. ಸೋಮವಾರ ಕೆಲಸಕ್ಕೆ ಹೋಗುವ ಮುಂಚೆ ಎರಡು, ಬಂದ ಕೂಡಲೇ ಮತ್ತೆ ನೋಡುವುದು. ಮಂಗಳವಾರ ಸಂಜೆ ಹೊತ್ತಿಗೆ ನೊರೆ ಇಳಿಯಲು ಶುರುವಾಗುತ್ತದೆ, ಬಾಟಲಿಯೂ ಕಮ್ಮಿ ಸಾಕು. ಅಲ್ಲಿಂದ ನಾನು ಬಿಗಿ ಸಡಿಲಿಸುತ್ತೇನೆ. ಬುಧವಾರದಿಂದ ಐಸ್ ನಿಲ್ಲಿಸಿ ನಿಧಾನಕ್ಕೆ 21, 22ಕ್ಕೆ ಏರಲು ಬಿಡುತ್ತೇನೆ. ಕೊನೆಯ ಹಂತದಲ್ಲಿ ಯೀಸ್ಟ್ ತಾನೇ ಮಾಡಿದ ಡೈಅಸಿಟೈಲ್ ಅನ್ನು, ಅಂದರೆ ಬೆಣ್ಣೆಯಂಥ ವಾಸನೆಯನ್ನು, ವಾಪಸ್ ಹೀರಿಕೊಳ್ಳಬೇಕು. ಅದಕ್ಕೆ ಸ್ವಲ್ಪ ಬಿಸಿ ಒಳ್ಳೆಯದು. ಕೊನೆಯವರೆಗೂ 18ರಲ್ಲೇ ಹಿಡಿದಿಡಬೇಕು ಅಂತ ಹಟ ಮಾಡುವವರಿಗೆ ನಾನು ಇದನ್ನೇ ಹೇಳುವುದು: ಶುರುವಿನಲ್ಲಿ ಬಿಗಿ, ಕೊನೆಯಲ್ಲಿ ಸಡಿಲ.

ಉಷ್ಣಾಂಶ ಅಳೆಯುವುದು ಎಲ್ಲಿ? ನೀರಿನಲ್ಲಿ ಮುಳುಗಿರುವ ಪಾತ್ರೆಯ ಹೊರಮೈಗೆ ಅಂಟಿಸಿದ ಪಟ್ಟಿ ಥರ್ಮಾಮೀಟರ್ ನೀರಿನ ಬಿಸಿಯನ್ನೇ ಜಾಸ್ತಿ ತೋರಿಸುತ್ತದೆ. ಅದಕ್ಕೆ ನಾನು ಮುಚ್ಚಳದ ಮೂಲಕ ಒಂದು ಸ್ಟೀಲ್ ಕೊಳವೆ ಇಳಿಸಿದ್ದೇನೆ. ಅದರ ತಳ ಮುಚ್ಚಿದೆ. ಒಳಗೆ ತೆಳ್ಳನೆಯ ಪ್ರೋಬ್ ಇಟ್ಟರೆ ಬಿಯರ್‌ನ ನಡುವಿನ ಅಂಕಿ ಸಿಗುತ್ತದೆ. ಟಬ್ ಇಲ್ಲದವರು ಪ್ರೋಬನ್ನು ಪಾತ್ರೆಯ ಹೊರಮೈಗೆ, ಬಿಯರ್ ಮಟ್ಟದ ಕೆಳಗೆ ಒತ್ತಿಟ್ಟು, ಮೇಲೆ ಒಂದು ದಪ್ಪ ಫೋಮ್ ತುಂಡು ಇಟ್ಟು ಟೇಪ್ ಸುತ್ತಿದರೆ ಸಾಕು. ಫೋಮ್ ಇಲ್ಲದಿದ್ದರೆ ಪ್ರೋಬ್ ಗಾಳಿಯ ಬಿಸಿ ತೋರಿಸುತ್ತದೆ.

ಇನ್ನೊಂದು ಸಣ್ಣ ವಿಷಯ. ಪಾತ್ರೆ ತಣ್ಣಗಾದಾಗ ಒಳಗಿನ ಗಾಳಿ ಕುಗ್ಗಿ ಏರ್‌ಲಾಕ್‌ನ ನೀರನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಅದಕ್ಕೇ ಏರ್‌ಲಾಕ್‌ನಲ್ಲಿ ವೋಡ್ಕಾ ಹಾಕುತ್ತೇನೆ. ಟಬ್ಬಿನ ನೀರಿಗೆ ಒಂದೆರಡು ಹನಿ ಬ್ಲೀಚ್, ಇಲ್ಲದಿದ್ದರೆ ಬಟ್ಟೆಗೆ ಬೂಷ್ಟು ಬರುತ್ತದೆ.

ವರ್ಟ್ 17ಕ್ಕೆ ಇಳಿಸುತ್ತೇನೆ ಅಂದೆನಲ್ಲ, ಫೀನಿಕ್ಸ್ ಕಡೆ ಬೇಸಿಗೆಯಲ್ಲಿ ಅದೇ ಒಂದು ಸಾಹಸ. ಬೇರೆ ಊರಿನವರು ತಾಮ್ರದ ಸುರುಳಿ ಕೊಳವೆಯನ್ನು ಕುದಿದ ವರ್ಟ್‌ನಲ್ಲಿಟ್ಟು ನಲ್ಲಿ ನೀರು ಹರಿಸುತ್ತಾರೆ, ಅರ್ಧ ಗಂಟೆಯಲ್ಲಿ ಕೆಲಸ ಮುಗಿಯುತ್ತದೆ. ನಮ್ಮ ನೀರಿನಲ್ಲಿ ದೊಡ್ಡ ಪಾಲು ಸಾಲ್ಟ್ ನದಿ ಮತ್ತು ಕೊಲರಾಡೊ ನದಿಯಿಂದ ಮರುಭೂಮಿಯ ತೆರೆದ ಕಾಲುವೆಗಳಲ್ಲಿ ಬರುತ್ತದೆ, ಆಮೇಲೆ ಕಾದ ನೆಲದೊಳಗಿನ ಪೈಪಿನಲ್ಲಿ. ಜುಲೈನಲ್ಲಿ ತಣ್ಣೀರಿನ ನಲ್ಲಿಯಿಂದಲೂ ಬರುವುದು 30 ಮೀರಿದ ನೀರು. ಅದರಿಂದ ವರ್ಟ್ 35ಕ್ಕೆ ಇಳಿದರೆ ಹೆಚ್ಚು. ಹಾಗಾಗಿ ಎರಡು ಹಂತ. ಮೊದಲು ನಲ್ಲಿ ನೀರಿನಿಂದ ಸುಮಾರು 38ರವರೆಗೆ. ಆಮೇಲೆ ಬಕೆಟ್ಟಿನಲ್ಲಿ ಐಸ್ ನೀರು, ಅದರಲ್ಲಿ ಕೊಳದ ಕಾರಂಜಿಗೆ ಬಳಸುವ ಚಿಕ್ಕ ಪಂಪ್. ಐಸ್ ನೀರು ಸುರುಳಿಯಲ್ಲಿ ಸುತ್ತಿ ಅದೇ ಬಕೆಟ್ಟಿಗೆ ವಾಪಸ್. ಐಸನ್ನು ಶುರುವಿನಿಂದಲೇ ಹಾಕಿದರೆ ಕುದಿಯುವ ವರ್ಟ್ ಅಷ್ಟನ್ನೂ ನುಂಗಿಬಿಡುತ್ತದೆ. ಮೊದಲ ಹಂತದ ಬಿಸಿನೀರು ದಾಸವಾಳದ ಗಿಡಗಳಿಗೆ, ಆರಿದ ಮೇಲೆ.

ಕೆಲವರು ಫೋಮ್ ಹಲಗೆಯಿಂದ ಪೆಟ್ಟಿಗೆ ಕಟ್ಟುತ್ತಾರೆ. ಒಂದು ಕೋಣೆಯಲ್ಲಿ ಬಿಯರ್, ಪಕ್ಕದ ಕೋಣೆಯಲ್ಲಿ ಐಸ್ ಡಬ್ಬ, ನಡುವೆ ಕಂಪ್ಯೂಟರ್ ಫ್ಯಾನ್, ಅದಕ್ಕೊಂದು ಥರ್ಮೋಸ್ಟಾಟ್. ಹಳೆಯ ವಿನ್ಯಾಸ, ಚೆನ್ನಾಗಿ ಕೆಲಸ ಮಾಡುತ್ತದೆ. ನಾನೂ ಒಂದು ಕಟ್ಟಿದ್ದೇನೆ, ಎರಡು ಇಂಚಿನ ಹಲಗೆ, ಸಂದಿಗಳಿಗೆ ಫಾಯಿಲ್ ಟೇಪ್. ಆದರೆ ಕಟ್ಟುವ ಮುಂಚೆ ಲೆಕ್ಕ ಹಾಕಿ. ಒಂದು ಪಾತ್ರೆ ಹಿಡಿಸುವ ಪೆಟ್ಟಿಗೆಯ ಮೈ ಸುಮಾರು ಮೂರು ಚದರ ಮೀಟರ್. ಮನೆಯೊಳಗೆ 26, ಪೆಟ್ಟಿಗೆಯೊಳಗೆ 18. ಗೋಡೆಗಳಿಂದ ಒಳಗೆ ಸೋರುವ ಬಿಸಿ ಸುಮಾರು 13 ವಾಟ್. ಕೇಳಲು ಅಲ್ಪ. ದಿನಕ್ಕೆ ಅದು ಮೂರು ಕಿಲೋಗಿಂತ ಜಾಸ್ತಿ ಐಸ್ ಕರಗಿಸುತ್ತದೆ. ಅದೇ ಪೆಟ್ಟಿಗೆಯನ್ನು 40 ಡಿಗ್ರಿಯ ಗ್ಯಾರೇಜಿನಲ್ಲಿಟ್ಟರೆ ದಿನಕ್ಕೆ ಒಂಬತ್ತು ಕಿಲೋ. ಹೋಲಿಸಿ ನೋಡಿ: ಒಂದು ಬಿಯರ್ ಶುರುವಿನಿಂದ ಕೊನೆಯವರೆಗೆ ಹುಟ್ಟಿಸುವ ಬಿಸಿಗೆ ಒಟ್ಟು ಮೂರು ಕಿಲೋ ಐಸ್ ಸಾಕು. ನಾವು ನಿಜವಾಗಿ ಹೋರಾಡುತ್ತಿರುವುದು ಹೊರಗಿನ ಬಿಸಿಯ ಜೊತೆ. ಹಾಗಾಗಿ ಪೆಟ್ಟಿಗೆಗೆ ದುಡ್ಡು ಸುರಿಯುವ ಮುಂಚೆ ಅದನ್ನು ಮನೆಯ ಅತ್ಯಂತ ತಂಪಾದ ಮೂಲೆಗೆ ತನ್ನಿ. ಸಂದಿಗಳನ್ನು ಮುಚ್ಚಿ. ಮುಚ್ಚಳ ಪದೇ ಪದೇ ತೆಗೆಯಬೇಡಿ.

ಫ್ರೀಜರ್ ಕೊಳ್ಳಬಾರದಾ ಅಂತ ಕೇಳುತ್ತೀರಿ. ಜಾಗ ಇದ್ದರೆ, ಬಿಯರ್ ಮಾಡುವುದನ್ನು ಮುಂದುವರಿಸುತ್ತೇನೆ ಅನ್ನುವ ಖಾತ್ರಿ ಇದ್ದರೆ, ಖಂಡಿತ ಕೊಳ್ಳಿ. ಹಳೆಯ ಚೆಸ್ಟ್ ಫ್ರೀಜರ್, ಜೊತೆಗೆ ಇಂಕ್‌ಬರ್ಡ್ ಥರದ ಉಷ್ಣಾಂಶ ಕಂಟ್ರೋಲರ್. ಅದರ ಒಂದು ಸಾಕೆಟ್ಟಿಗೆ ಫ್ರೀಜರ್, ಇನ್ನೊಂದಕ್ಕೆ ಬಿಸಿ ಮಾಡುವ ಪಟ್ಟಿ. ಕಂಪ್ರೆಸರ್ ಪದೇ ಪದೇ ಆನ್ ಆಫ್ ಆಗದ ಹಾಗೆ ಕೆಲವು ನಿಮಿಷದ ತಡೆ ಇಡಿ. ಒಳಗೆ ಒಂದು ಚಿಕ್ಕ ಫ್ಯಾನ್ ಇರಲಿ, ತೇವ ಹೀರುವ ಡಬ್ಬಿ ಇರಲಿ. ತಂಪಿನಲ್ಲಿ ನಿಧಾನಕ್ಕೆ ಹುದುಗುವ ಲಾಗರ್ ಬಿಯರ್ ಮಾಡಲು ಇದಕ್ಕಿಂತ ಒಳ್ಳೆಯದು ಇಲ್ಲ. 12 ಡಿಗ್ರಿಯನ್ನು ಎರಡು ವಾರ, ಆಮೇಲೆ ಸೊನ್ನೆಯ ಹತ್ತಿರ ತಿಂಗಳುಗಟ್ಟಲೆ ಹಿಡಿದಿಡುವುದು ಬೇಸಿಗೆಯಲ್ಲಿ ಐಸ್ ಬಾಟಲಿಯಿಂದ ಆಗದ ಕೆಲಸ. ಆದರೆ ಮೊದಲ ದಿನವೇ ಫ್ರೀಜರ್ ಕೊಂಡವರಿಗೆ ಬಿಸಿ ಯಾವಾಗ ಏರುತ್ತದೆ, ಯಾವಾಗ ಇಳಿಯುತ್ತದೆ ಅನ್ನುವುದು ಕೈಗೆ ಹತ್ತುವುದಿಲ್ಲ. ಟಬ್ಬಿನ ಮುಂದೆ ಮಂಡಿಯೂರಿ ಒಂದು ಬೇಸಿಗೆ ಬಾಟಲಿ ಬದಲಾಯಿಸಿದವರಿಗೆ ಅದು ಹತ್ತುತ್ತದೆ. ಕರೆಂಟ್ ಹೋದ ರಾತ್ರಿ ಅವರಿಗೆ ಗಾಬರಿಯೂ ಆಗುವುದಿಲ್ಲ.

ಇನ್ನೊಂದು ದಾರಿ, ಬಿಸಿಯ ಜೊತೆ ಜಗಳವಾಡದೇ ಇರುವುದು. ನಾರ್ವೆಯ ಹಳ್ಳಿಮನೆಗಳಲ್ಲಿ ತಲೆಮಾರುಗಳಿಂದ ಉಳಿಸಿಕೊಂಡು ಬಂದ ಕ್ವೈಕ್ ಅನ್ನುವ ಯೀಸ್ಟ್ ಇದೆ. ವೋಸ್ ಊರಿನ ತಳಿ 35ರಿಂದ 40 ಡಿಗ್ರಿಯಲ್ಲಿ ಆರಾಮಾಗಿ ಹುದುಗುತ್ತದೆ. ಕಿತ್ತಳೆ ಸಿಪ್ಪೆಯ ಘಮ, ಫ್ಯೂಸೆಲ್‌ನ ಉರಿ ಇಲ್ಲ. ಅಷ್ಟು ಚಳಿಯ ದೇಶದಲ್ಲಿ ಇಂಥ ಯೀಸ್ಟ್ ಇತ್ತು ಅನ್ನುವುದು ನನಗೆ ಈಗಲೂ ಬೆರಗು. ಬೆಲ್ಜಿಯಮ್ಮಿನ ಸೈಸನ್ ಅನ್ನುವ ಬಿಯರ್‌ನ ಯೀಸ್ಟ್‌ಗಳಲ್ಲೂ ಕೆಲವು 30ರ ಮೇಲೆಯೇ ಚುರುಕಾಗುತ್ತವೆ. ಆಗಸ್ಟ್ ತಿಂಗಳನ್ನು ನಾನು ಇವೆರಡಕ್ಕೇ ಮೀಸಲಿಟ್ಟಿದ್ದೇನೆ. ಪಂಚೆ ಆಗ ಒಗೆದು ಮಡಿಸಿ ಒಳಗೆ.

ಊರಿನ ಗೆಳೆಯರು ಇದನ್ನು ಓದಿ ನಾವೂ ಮಾಡಬಹುದಾ ಅಂತ ಕೇಳುತ್ತಾರೆ. ಅಮೆರಿಕದಲ್ಲಿ 1978ರ ಅಕ್ಟೋಬರ್‌ನಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾನೂನಿನಿಂದ ಮನೆ ಬಳಕೆಯ ಬಿಯರ್‌ಗೆ ಫೆಡರಲ್ ತೆರಿಗೆ ಹೋಯಿತು. ಒಬ್ಬರೇ ವಯಸ್ಕರಿರುವ ಮನೆಗೆ ವರ್ಷಕ್ಕೆ 100 ಗ್ಯಾಲನ್, ಇಬ್ಬರು ಅಥವಾ ಹೆಚ್ಚು ಜನರಿದ್ದರೆ 200. ಮಾರುವ ಹಾಗಿಲ್ಲ. ಕರ್ನಾಟಕದಲ್ಲಿ 1965ರ ಅಬಕಾರಿ ಕಾಯ್ದೆ ಇದೆ, ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ. ಹಾಗಾಗಿ ಅಲ್ಲಿರುವವರಿಗೆ ಮಾಡಿ ಅಂತ ನಾನು ಹೇಳುವುದಿಲ್ಲ. ಬೆಂಗಳೂರಿನ ಯಾವುದಾದರೂ ಮೈಕ್ರೋಬ್ರೂವರಿಗೆ ಹೋದಾಗ ಗಾಜಿನಾಚೆ ನಿಂತಿರುವ ಸ್ಟೀಲ್ ಟ್ಯಾಂಕ್‌ಗಳನ್ನು ಗಮನಿಸಿ. ಅವುಗಳ ಗೋಡೆ ಎರಡು ಪದರದ್ದು, ನಡುವೆ ಗ್ಲೈಕಾಲ್ ಅನ್ನುವ ತಣ್ಣನೆಯ ದ್ರವ ಹರಿಯುತ್ತದೆ. ನಮ್ಮ ಟಬ್ ಮತ್ತು ಪಂಚೆ ಮಾಡುವ ಕೆಲಸವನ್ನೇ ಅದು ಮಾಡುತ್ತಿರುತ್ತದೆ. ಬಿಡುವಿದ್ದರೆ ಅಲ್ಲಿನ ಬ್ರೂವರ್‌ಗೆ ಯಾವ ಡಿಗ್ರಿಯಲ್ಲಿ ಯೀಸ್ಟ್ ಹಾಕಿದಿರಿ ಅಂತ ಕೇಳಿ. ತುಂಬಾ ಖುಷಿಯಿಂದ ಹೇಳುತ್ತಾರೆ.

ಡಿಸೆಂಬರ್, ಜನವರಿಯಲ್ಲಿ ಇಲ್ಲಿನ ಗ್ಯಾರೇಜ್ ತಾನಾಗಿಯೇ ತಣ್ಣಗಾಗುತ್ತದೆ. ಆಗ ಟಬ್ ಅಲ್ಲಿಗೆ ಹೋಗುತ್ತದೆ. ಏಲ್ ಮಾಡುವುದಿದ್ದರೆ ನೀರಿಗೆ ಮೀನಿನ ತೊಟ್ಟಿಯ 100 ವಾಟ್ ಹೀಟರ್ ಹಾಕಿ 18ಕ್ಕೆ ಏರಿಸುತ್ತೇನೆ. ಈ ಸಲ ಹೀಟರ್ ಬಿಟ್ಟು ಲಾಗರ್ ಹಾಕುವ ಯೋಚನೆ ಇದೆ, ಡಬ್ಲ್ಯು-34/70 ಯೀಸ್ಟ್‌ನಲ್ಲಿ, 13 ಡಿಗ್ರಿಯಲ್ಲಿ. ಗ್ಯಾರೇಜಿನ ರಾತ್ರಿ ಹಗಲಿನ ಏರಿಳಿತವನ್ನು 30 ಲೀಟರ್ ನೀರು ಎಷ್ಟರಮಟ್ಟಿಗೆ ತಡೆಯುತ್ತದೆ ಅಂತ ಗಂಟೆಗೊಮ್ಮೆ ಬರೆದುಕೊಳ್ಳುವ ಪ್ರೋಬ್ ಒಂದನ್ನು ತರಿಸಿದ್ದೇನೆ. ಅಂಕಿ ಕೈಗೆ ಬಂದ ಮೇಲೆ ಅವನ್ನೂ ಇಲ್ಲೇ ಹಾಕುತ್ತೇನೆ.